ಯುಗಾದಿ ಕಳೆದರೂ ಬಾವಿ ಬತ್ತದಿರಲು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅದರ ಅರ್ಧವೋ ಮೂರನೇ ಒಂದು ಪಾಲೋ ಬಿದ್ದರೂ ಬಯಲುಸೀಮೆಯವರ ಕಣ್ಣಿಗೆ ಅದೇ ಪ್ರಳಯ. ಹೀಗಿದ್ದೂ ಮಾರ್ಚ್ ಮುಗಿಯುವ ಹೊತ್ತಿಗೆ ಕೊಡಪಾನ ಬಾವಿಯ ತಳಕ್ಕೆ ತಾಗಿ ಸದ್ದು ಮಾಡುತ್ತದೆ, ತೋಟದ ಪಂಪು ಅರ್ಧ ಗಂಟೆಗೇ ಗಾಳಿ ಎಳೆಯುತ್ತದೆ. ನಮ್ಮ ಮಲೆನಾಡಿನಲ್ಲಿ ಮಳೆ ಬೇಕಾದಷ್ಟು ಬರುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ನೆಲ ಇಳಿಜಾರು. ಮೇಲಿನ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಪದರ ತೂತುತೂತಾಗಿದ್ದು, ಎಷ್ಟು ಬೇಗ ನೀರು ಕುಡಿಯುತ್ತದೋ ಅಷ್ಟೇ ಬೇಗ ಪಕ್ಕದ ಹಳ್ಳಕ್ಕೆ ಬಿಟ್ಟುಕೊಡುತ್ತದೆ.

ಆದ್ದರಿಂದ ಬಯಲುಸೀಮೆಗೆಂದು ಬರೆದ ಮಳೆಕೊಯ್ಲಿನ ಪಾಠವನ್ನು ಇಲ್ಲಿ ಹಾಗೇ ಪಾಲಿಸಿದರೆ ದುಡ್ಡು ದಂಡ. ಪುಷ್ಯ, ಆಶ್ಲೇಷ ಮಳೆಯಲ್ಲಿ (ಜುಲೈ ಕೊನೆ, ಆಗಸ್ಟ್ ಮೊದಲು) ಬಾವಿ ತಾನಾಗಿಯೇ ಕಟ್ಟೆಯ ಹತ್ತಿರ ಬಂದಿರುತ್ತದೆ. ಆಗ ಸೂರಿನ ನೀರನ್ನೂ ಅದಕ್ಕೇ ಸುರಿದರೆ ಎಂಟು ದಿನದಲ್ಲಿ ಅದು ಹಳ್ಳ ಸೇರಿರುತ್ತದೆ. ಬೇಸಿಗೆಗೆ ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲವರೆಗಿನ ಹಸ್ತ, ಚಿತ್ತೆ, ಸ್ವಾತಿ ಮಳೆಯ ನೀರು, ಮತ್ತು ದೀಪಾವಳಿಯ ಆಚೀಚೆ ನಾವು ಹರಿಯಗೊಡದೆ ತಡೆದ ನೀರು. ಈ ಬರಹದ ಹೆಚ್ಚಿನ ಪಾಲು ಆ ಎರಡು ತಿಂಗಳ ಕೆಲಸದ ಬಗ್ಗೆ.

ಮೊದಲು ಅಳತೆ

ಬಾವಿಯಲ್ಲಿ ಎಷ್ಟು ನೀರಿದೆ ಎಂದರೆ ಹೆಚ್ಚಿನವರು "ಆಳುದ್ದ ಇದೆ" ಎನ್ನುತ್ತಾರೆ. ಲೀಟರ್ ಲೆಕ್ಕ ಕಷ್ಟವೇನಲ್ಲ. ಬಾವಿಯ ವ್ಯಾಸವನ್ನು ಅಡಿಯಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 22ರಿಂದ ಗುಣಿಸಿ. ಒಂದು ಅಡಿ ಆಳದ ನೀರು ಎಷ್ಟು ಲೀಟರ್ ಎಂಬುದು ಸಿಗುತ್ತದೆ. 6 ಅಡಿ ಬಾವಿಗೆ ಸುಮಾರು 800, 10 ಅಡಿ ಬಾವಿಗೆ 2,200, 12 ಅಡಿಗೆ 3,200 ಲೀಟರ್.

ಇದಕ್ಕಿಂತ ಮುಖ್ಯವಾದದ್ದು ಒರತೆ. ಅಡಿಗೊಂದು ಗಂಟು ಹಾಕಿದ ನೈಲಾನ್ ಹಗ್ಗದ ತುದಿಗೆ ಕಲ್ಲು ಕಟ್ಟಿ ಸಂಜೆ ನೀರಿನ ಮಟ್ಟ ನೋಡಿ, 3 ಅಡಿ ನೀರು ಎತ್ತಿ, ಪಂಪು ನಿಲ್ಲಿಸಿ. ಬೆಳಿಗ್ಗೆ 12 ಗಂಟೆ ಕಳೆದ ಮೇಲೆ ಮತ್ತೆ ಅಳೆಯಿರಿ. 10 ಅಡಿಯ ಬಾವಿಯಲ್ಲಿ 2 ಅಡಿ ಏರಿದ್ದರೆ ರಾತ್ರಿಯ ಒರತೆ 4,400 ಲೀಟರ್. ಇದನ್ನು ದೀಪಾವಳಿಯಿಂದ ಶುರುಮಾಡಿ ಹದಿನೈದು ದಿನಕ್ಕೊಮ್ಮೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಒರತೆ ಇಳಿಯುವ ವೇಗ ಜನವರಿಯಲ್ಲೇ ಗೊತ್ತಾದರೆ ತೋಟಕ್ಕೆ ಬಿಡುವ ನೀರನ್ನು ಆಗಲೇ ಕಡಿಮೆ ಮಾಡಬಹುದು. ಮಾರ್ಚ್‌ನಲ್ಲಿ ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಒಂದು ದಿನದ ಒರತೆಗಿಂತ ಹೆಚ್ಚು ನೀರನ್ನು ಎತ್ತಬೇಡಿ. ಬಾವಿಯನ್ನು ತಳ ಕಾಣುವವರೆಗೆ ಪದೇಪದೇ ಬತ್ತಿಸಿದರೆ ಜಂಬಿಟ್ಟಿಗೆಯ ಕೆಳಗಿರುವ ಶೇಡಿ ಮಣ್ಣಿನ ಪದರ ಒದ್ದೆಯಾಗಿಯೇ ಒಳಕ್ಕೆ ಜಾರುತ್ತದೆ. ರಾಡಿ ಒರತೆಯ ಕಣ್ಣು ಮುಚ್ಚುತ್ತದೆ, ಪಂಪಿನ ಇಂಪೆಲ್ಲರ್ ಸವೆಯುತ್ತದೆ, ಕೊನೆಗೆ ಬಾವಿಯ ಸಿಮೆಂಟ್ ರಿಂಗು ವಾಲುತ್ತದೆ.

ಇನ್ನೊಂದು ಲೆಕ್ಕ. ಐದು ಜನ, ಮೂರು ದನ ಇರುವ ಮನೆಗೆ ದಿನಕ್ಕೆ 800ರಿಂದ 1,000 ಲೀಟರ್ ಸಾಕು. ಒಂದು ಎಕರೆ ಅಡಿಕೆ ತೋಟದಲ್ಲಿ 9 ಅಡಿ ಅಂತರಕ್ಕೆ ಸುಮಾರು 550 ಮರ. ಮರಕ್ಕೆ 16–20 ಲೀಟರ್‌ನಂತೆ ದಿನಕ್ಕೆ 9,000ದಿಂದ 11,000 ಲೀಟರ್ ಬೇಕು. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುವುದು ಒಳ್ಳೆಯ ಅಭ್ಯಾಸವೇ, ಆದರೆ ತೋಟವಿರುವ ಮನೆಯಲ್ಲಿ ಬಾವಿ ಉಳಿಯುವುದೋ ಬತ್ತುವುದೋ ತೋಟದಲ್ಲೇ ತೀರ್ಮಾನವಾಗುತ್ತದೆ.

ಮಳೆಗಾಲದಲ್ಲಿ: ಇಂಗುಗುಂಡಿ ಎಲ್ಲಿ ಬೇಡ

ಜೋರು ಮಳೆಯ ನೀರನ್ನು ಪೂರ್ತಿ ಹಿಡಿಯಲಾಗದು, ನಿಧಾನ ಮಾಡಬಹುದು. ಬಾವಿಗಿಂತ ಮೇಲಿರುವ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಇಳಿಜಾರಿಗೆ ಅಡ್ಡಲಾಗಿ 10 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಗುಂಡಿಗಳನ್ನು ತೆಗೆಯಿರಿ. ಒಂದೊಂದೂ ತುಂಬಿದಾಗ 1,100 ಲೀಟರ್ ಹಿಡಿಯುತ್ತದೆ. ಒಂದೇ ಉದ್ದದ ಕಾಲುವೆ ಮಾಡಬಾರದು. ನಡುನಡುವೆ 3 ಅಡಿ ನೆಲವನ್ನು ಅಗೆಯದೆ ಬಿಡಬೇಕು. ಮಟ್ಟ ಸ್ವಲ್ಪ ತಪ್ಪಿದರೂ ಉದ್ದ ಕಾಲುವೆಯ ನೀರೆಲ್ಲ ಒಂದು ತುದಿಗೆ ನುಗ್ಗಿ ಒಡೆಯುತ್ತದೆ. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಅಗೆದ ಮಣ್ಣನ್ನು ಕೆಳಬದಿಗೆ ಹಾಕಿ, ಅದರ ಮೇಲೆ ಲಾವಂಚ ನೆಡಿ. ಗುಂಡಿಗೆ ಬಿದ್ದ ದರಗನ್ನು (ಒಣ ಎಲೆಯನ್ನು) ಬೇಸಿಗೆಯಲ್ಲಿ ತೆಗೆದು ತೋಟಕ್ಕೋ ಕೊಟ್ಟಿಗೆಗೋ ಹಾಕಿ. ತೆಗೆಯದಿದ್ದರೆ ಮೂರನೇ ವರ್ಷಕ್ಕೆ ಗುಂಡಿಯೇ ಇರುವುದಿಲ್ಲ.

ಅಗೆಯುವ ಮೊದಲು ಇಂಗುವ ಗುಣ ನೋಡಿ. ಒಂದಡಿ ಚೌಕ, ಒಂದಡಿ ಆಳದ ಕುಳಿ ತೋಡಿ, ಒಮ್ಮೆ ನೀರು ತುಂಬಿಸಿ ಪೂರ್ತಿ ಇಂಗಲು ಬಿಟ್ಟು, ಎರಡನೇ ಸಲ ತುಂಬಿಸಿ ಗಡಿಯಾರ ನೋಡಿ. ಹತ್ತು ನಿಮಿಷಕ್ಕೆ ಒಂದು ಇಂಚು ಇಳಿದರೆ ಜಾಗ ಚೆನ್ನಾಗಿದೆ. ಒಂದು ಗಂಟೆಗೂ ಒಂದು ಇಂಚು ಇಳಿಯದಿದ್ದರೆ ಅಲ್ಲಿ ತೋಡುವ ಗುಂಡಿ ಸೊಳ್ಳೆ ಸಾಕಲಿಕ್ಕಷ್ಟೇ.

ಇನ್ನು ಬೇಡವಾದ ಜಾಗಗಳು. ಮನೆಯ ಹಿಂದಿನ ದರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ ಮೇಲೆ ಇಂಗುಗುಂಡಿ ಬೇಡವೇ ಬೇಡ. ಬಿಳಿ, ಗುಲಾಬಿ ಬಣ್ಣದ ನುಣ್ಣನೆಯ ಶೇಡಿ ಮಣ್ಣು ಕಾಣುವ ಕಡೆ, ಮಳೆಗಾಲದಲ್ಲಿ ನೆಲ ಬಿರುಕು ಬಿಟ್ಟಿರುವ ಕಡೆ, ಮರಗಳು ಕೆಳಮುಖವಾಗಿ ವಾಲಿರುವ ಕಡೆ, ರಸ್ತೆಗಾಗಿ ಗುಡ್ಡದ ಬುಡ ಕಡಿದಿರುವ ಕಡೆಯೂ ಬೇಡ. ನೀರು ಕುಡಿದ ಶೇಡಿ ಸಾಬೂನಿನಂತೆ ಜಾರುತ್ತದೆ. ಮೇಲಿನ ಜಂಬಿಟ್ಟಿಗೆಯ ಭಾರವೆಲ್ಲ ಅದರ ಮೇಲಿರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, ಮರುವರ್ಷ ಅದೇ ತಿಂಗಳಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಇಳಿದದ್ದನ್ನು ಕಂಡ ಮೇಲೂ ದರೆಯ ನೆತ್ತಿಯಲ್ಲಿ ನೀರು ನಿಲ್ಲಿಸುವುದು ಹುಂಬತನ. ಅಲ್ಲಿ ಮಾಡಬೇಕಾದ್ದು ತಿರುಗಾಮುರುಗಾ ಕೆಲಸ: ದರೆಯ ಮೇಲಂಚಿನಿಂದ ಹತ್ತಡಿ ಹಿಂದೆ ಅಗಳ (ಕಂದಕ) ತೆಗೆದು ನೀರನ್ನು ಪಕ್ಕಕ್ಕೆ ಹೊರಳಿಸಿ ಹರಿಯಬಿಡುವುದು.

ಕಕ್ಕಸುಗುಂಡಿಗೂ ಬಾವಿಗೂ 50 ಅಡಿ ದೂರ ಇರಲೇಬೇಕು. ಜಂಬಿಟ್ಟಿಗೆ ನೆಲದಲ್ಲಿ ಕೊಳೆನೀರು ತೂತುಗಳಲ್ಲೇ ಓಡುವುದರಿಂದ ಜಾಗವಿದ್ದರೆ 100 ಅಡಿ ಬಿಡುವುದು ಲೇಸು, ಅದೂ ಬಾವಿಗಿಂತ ತಗ್ಗಿನಲ್ಲಿ.

ಹಸ್ತದಿಂದ ಸ್ವಾತಿಯವರೆಗೆ: ಸೂರಿನ ನೀರು

ಒಂದು ಚದರ ಮೀಟರ್ ಮಾಡಿನ (ಚಾವಣಿಯ) ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಹಂಚಿನ ಮಾಡಾದರೆ ಹೀರಿದ್ದು, ಸಿಡಿದದ್ದು ಕಳೆದು ಅದರ ನೂರಕ್ಕೆ 80 ಪಾಲು ಕೈಗೆ ಸಿಗುತ್ತದೆ. ತಗಡಿನ ಶೀಟಾದರೆ 90. ಅಂದರೆ 80 ಚದರ ಮೀಟರ್ ಹಂಚಿನ ಮಾಡಿಗೆ ಚಿತ್ತೆ–ಸ್ವಾತಿ ಸೇರಿ 150 ಮಿ.ಮೀ. ಬಿದ್ದರೆ 9,600 ಲೀಟರ್. ಐದು ಜನರ ಕುಡಿಯುವ, ಅಡುಗೆಯ ನೀರು ದಿನಕ್ಕೆ 50 ಲೀಟರ್. ನವೆಂಬರ್ ಕೊನೆಯಿಂದ ಮೇ ನಡುವಿನವರೆಗೆ 160–170 ದಿನಕ್ಕೆ 8,500 ಲೀಟರ್ ಆಯಿತು. 10,000 ಲೀಟರಿನ ಮುಚ್ಚಿದ ತೊಟ್ಟಿಯೊಂದಿದ್ದರೆ ಬಾವಿ ಕೈಕೊಟ್ಟರೂ ಅನ್ನ ಬೇಯುತ್ತದೆ. ಇಲ್ಲಿ ತೊಟ್ಟಿ ಕಟ್ಟಿದವರಲ್ಲಿ ಕೆಲವರು ಜೂನ್‌ನಲ್ಲೇ ಅದನ್ನು ತುಂಬಿಸಿ ಬೀಗ ಹಾಕಿಬಿಡುತ್ತಾರೆ. ಅದನ್ನು ಮಳೆಗಾಲವಿಡೀ ಬಳಸಿ, ಸೆಪ್ಟೆಂಬರ್ ಕೊನೆಗೆ ಬರಿದು ಮಾಡಿ ತೊಳೆದು, ಕೊನೆಯ ಮಳೆಗಳಲ್ಲಿ ಹೊಸದಾಗಿ ತುಂಬಿಸಬೇಕು. ಅಷ್ಟು ಹೊತ್ತಿಗೆ ಮಾಡೂ ತೊಳೆದು ಚೊಕ್ಕಟವಾಗಿರುತ್ತದೆ.

ಸೂರಿನಂಚಿನ ನೀರು ಹಿಡಿಯುವ ದೋಣಿಗೆ 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಬಳಸಬಹುದು. ಹತ್ತಡಿಗೆ ಒಂದು ಇಂಚು ಇಳಿಜಾರು ಕೊಡಿ. ಎರಡೂವರೆ ಅಡಿಗೊಂದು ಕೊಕ್ಕೆ. ಇದಕ್ಕಿಂತ ದೂರ ಹಾಕಿದರೆ ಒದ್ದೆ ದರಗಿನ ಭಾರಕ್ಕೆ ನಡುವೆ ಜೋಲುತ್ತದೆ. ಮಲೆನಾಡಿನ ಮಾಡುಗಳ ಇಳಿಜಾರು ಹೆಚ್ಚು, ಜೋರು ಮಳೆಯಲ್ಲಿ ನೀರು ದೋಣಿಯನ್ನು ಹಾರಿಯೇ ಹೋಗುತ್ತದೆ. ಅದಕ್ಕೆ ಹಂಚಿನ ಅಂಚು ದೋಣಿಯ ಒಳಗಿನ ಮೂರನೇ ಒಂದು ಭಾಗದ ಮೇಲೆ ಬರುವಂತೆ ಕೂರಿಸಿ, ಉಳಿದ ಅಗಲವನ್ನು ಹೊರಕ್ಕೆ ಬಿಡಿ. ಇಳಿಪೈಪು 4 ಇಂಚಿಗಿಂತ ಸಣ್ಣದು ಬೇಡ.

ಬಚ್ಚಲ ಒಲೆಯ ಹೊಗೆ, ಹಕ್ಕಿ ಹಿಕ್ಕೆ, ಪಾಚಿ ಎಲ್ಲವೂ ಮಾಡಿನ ಮೇಲಿರುತ್ತವೆ. ಬಿಡುವು ಕೊಟ್ಟು ಬಂದ ಮಳೆಯ ಮೊದಲ 2 ಮಿ.ಮೀ. ನೀರನ್ನು ಹೊರಗೆ ಬಿಡಬೇಕು. 80 ಚದರ ಮೀಟರಿಗೆ ಅದು 160 ಲೀಟರ್, ಅಂದರೆ ಒಂದು ಡ್ರಮ್ಮಿನಷ್ಟು. ಇಳಿಪೈಪಿಗೆ 'ಟೀ' (ಮೂರು ಬಾಯಿಯ ಜೋಡಣೆ) ಹಾಕಿ ಕೆಳಗೊಂದು ವಾಲ್ವ್ ಇಟ್ಟರಾಯಿತು. ವಾಲ್ವ್ ತಿರುಗಿಸಲು ಮಳೆಯಲ್ಲಿ ಯಾರೂ ಹೊರಗೆ ಹೋಗುವುದಿಲ್ಲ ಎಂಬುದು ಅನುಭವದ ಮಾತು, ಆದ್ದರಿಂದ ಅದನ್ನು ಜಗುಲಿಯಿಂದ ಕೈಗೆಟಕುವಂತೆ ಇಡಿ.

ಬಾವಿಗೆ ಬಿಡುವುದಾದರೆ ಸೋಸುತೊಟ್ಟಿ ಬೇಕು. 3 ಅಡಿ ವ್ಯಾಸದ ಸಿಮೆಂಟ್ ರಿಂಗುಗಳನ್ನು 4 ಅಡಿ ಎತ್ತರಕ್ಕೆ ಜೋಡಿಸಿ, ತಳಕ್ಕೆ ಕಾಂಕ್ರೀಟ್ ಹಾಕಿ, ಬಾವಿಗೆ ಹೋಗುವ 4 ಇಂಚಿನ ಪೈಪನ್ನು ತಳದಲ್ಲೇ ಕೂರಿಸಿ. ಕೆಳಗಿನಿಂದ ಒಂದಡಿ 40 ಮಿ.ಮೀ. ಜಲ್ಲಿ, ಮುಕ್ಕಾಲು ಅಡಿ 20 ಮಿ.ಮೀ. ಜಲ್ಲಿ, ಅದರ ಮೇಲೆ ನೈಲಾನ್ ಸೊಳ್ಳೆಪರದೆ ಎರಡು ಮಡಿಕೆ, ಮೇಲೆ ಒಂದಡಿ ದಪ್ಪ ಮರಳು, ಮತ್ತೆ ಒಂದು ಪರದೆ. ಉಳಿದ ಒಂದೂಕಾಲು ಅಡಿ ನೀರು ನಿಲ್ಲಲು ಖಾಲಿ. ಪರದೆ ಇಲ್ಲದಿದ್ದರೆ ಮೊದಲ ವರ್ಷವೇ ಮರಳು ಜಲ್ಲಿಯೊಳಗೆ ಇಳಿದು ಅಲ್ಲಿಂದ ಬಾವಿ ಸೇರುತ್ತದೆ. ಮರಳನ್ನು ತೊಳೆದ ನೀರು ತಿಳಿಯಾಗುವವರೆಗೂ ತೊಳೆದೇ ಹಾಕಬೇಕು. ಎಂ-ಸ್ಯಾಂಡಿನ (ಕಲ್ಲು ಪುಡಿಮಾಡಿದ ಮರಳಿನ) ಹುಡಿ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಅದನ್ನೇ ಹಾಕುವುದಾದರೆ ಜರಡಿ ಹಿಡಿದು ಒರಟು ಕಾಳನ್ನಷ್ಟೇ ಹಾಕಿ. ಖಾಲಿ ಬಿಟ್ಟ ಭಾಗದ ಮೇಲಂಚಿನಲ್ಲಿ ಹೊರಹರಿವಿಗೊಂದು ಪೈಪು ಇರಲಿ. ಮೇಲಿನ ಎರಡಿಂಚು ಮರಳನ್ನು ವರ್ಷಕ್ಕೆ ಎರಡು ಸಲ ತೆಗೆದು ತೊಳೆಯಿರಿ. 200 ಲೀಟರಿನ ಒಂದೇ ಡ್ರಮ್ಮಿನಲ್ಲಿ ಇದನ್ನೆಲ್ಲ ಮಾಡಿ ಮುಗಿಸುವ ರೂಢಿಯೂ ಇದೆ. ಗಂಟೆಗೆ 60 ಮಿ.ಮೀ. ಮಳೆ ಹೊಡೆದಾಗ 80 ಚದರ ಮೀಟರಿನಿಂದ ನಿಮಿಷಕ್ಕೆ ಸುಮಾರು 65 ಲೀಟರ್ ಬರುತ್ತದೆ, ಅದನ್ನು ಡ್ರಮ್ಮು ನುಂಗಲಾರದೆ ಅಂಗಳಕ್ಕೆ ಉಗುಳುತ್ತದೆ.

ಅಂಗಳದ ನೀರು, ಕೊಟ್ಟಿಗೆಯ ಗಂಜಲ ಸೇರುವ ನೀರು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದ ತೋಟದ ಹರಿನೀರು ಬಾವಿಯ ಹತ್ತಿರವೂ ಸುಳಿಯಬಾರದು. ಮಾಡಿನ ನೀರು ಬಿಟ್ಟ ಬಾವಿಗೆ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ ಎರಡೂವರೆ ಗ್ರಾಮ್. 10 ಅಡಿ ವ್ಯಾಸದ ಬಾವಿಯಲ್ಲಿ 10 ಅಡಿ ನೀರಿದ್ದರೆ 55 ಗ್ರಾಮ್. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಕೊಡದಲ್ಲಿ ಇಳಿಬಿಟ್ಟು ಕದಡಿ. ರಾತ್ರಿ ಹಾಕಿದರೆ ಬೆಳಿಗ್ಗೆ ಬಳಸಬಹುದು. ಕಮಟು ವಾಸನೆ ಇಲ್ಲದ ಹಳೆಯ ಪುಡಿಯಿಂದ ಪ್ರಯೋಜನವಿಲ್ಲ.

ಶಿವಮೊಗ್ಗ ಪೇಟೆಯಲ್ಲಿರುವವರಿಗೆ ಈ ತಿಂಗಳುಗಳ ಲೆಕ್ಕ ಅಷ್ಟು ಮುಖ್ಯವಲ್ಲ. ಅಲ್ಲಿ ಮಳೆಯೇ ಕಡಿಮೆ, ಗಾಜನೂರಿನ ತುಂಗೆಯ ನೀರು ನಲ್ಲಿಗೆ ಬರುತ್ತದೆ. ಮೂವತ್ತು–ನಲವತ್ತರ ಸೈಟಿನಲ್ಲಿ 85 ಚದರ ಮೀಟರ್ ತಾರಸಿ, 900 ಮಿ.ಮೀ. ಮಳೆ ಎಂದು ಹಿಡಿದರೆ, ಪೋಲಾದದ್ದು ಕಳೆದು ವರ್ಷಕ್ಕೆ ಸುಮಾರು 65,000 ಲೀಟರ್. ಅದನ್ನು ಸಂಪ್‌ಗೆ (ನೆಲದಡಿಯ ತೊಟ್ಟಿಗೆ) ಬಿಟ್ಟು ಆಗಾಗಲೇ ಬಳಸುವುದೇ ಸರಿ.

ದೀಪಾವಳಿಯ ಆಚೆ: ಕಪ್ಪು ಮುಚ್ಚಿ, ಹಳ್ಳಕ್ಕೆ ಕಟ್ಟ ಹಾಕಿ

ಅಡಿಕೆ ತೋಟದ ಕಪ್ಪು, ಅಂದರೆ ಬಸಿಗಾಲುವೆ, ಮಳೆಗಾಲದಲ್ಲಿ ಬೇಕೇ ಬೇಕು. ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಆದರೆ ಮಳೆ ನಿಂತ ಮೇಲೂ ಅದು ಬಸಿಯುತ್ತಲೇ ಇರುತ್ತದೆ, ತೋಟದ ಒಳನೀರನ್ನು ಹನಿಹನಿಯಾಗಿ ಹಳ್ಳಕ್ಕೆ ಸಾಗಿಸುತ್ತದೆ. ಸ್ವಾತಿ ಮಳೆ ಮುಗಿದು ಎರಡು ವಾರಕ್ಕೆ ಪ್ರತಿ 25 ಅಡಿಗೊಂದರಂತೆ ಕಪ್ಪಿಗೆ ಮಣ್ಣಿನ ಅಡ್ಡಗಟ್ಟೆ ಹಾಕಿ, ನೆಲಮಟ್ಟಕ್ಕಿಂತ ಒಂದಡಿ ತಗ್ಗಿನವರೆಗೆ ಮಾತ್ರ. ಖರ್ಚೇ ಇಲ್ಲದ ಈ ಕೆಲಸವನ್ನು ಬಿಟ್ಟು ಲಕ್ಷಗಟ್ಟಲೆಯ ಬೋರ್‌ವೆಲ್ಲಿಗೆ ಓಡುವುದು ವಿಚಿತ್ರ. ಮೇ ಕೊನೆಗೆ ಅಡ್ಡಗಟ್ಟೆಗಳನ್ನು ಒಡೆಯಲು ಮರೆಯಬಾರದು.

ಹಳ್ಳದ ಕಟ್ಟಕ್ಕೆ, ಅಂದರೆ ತಾತ್ಕಾಲಿಕ ಒಡ್ಡಿಗೆ, ಹೊತ್ತು ನೋಡಬೇಕು. ಹರಿವು ಮೊಣಕಾಲಿಗಿಂತ ಕೆಳಗಿಳಿದಾಗ, ಸಾಮಾನ್ಯವಾಗಿ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನ ಒಳಗೆ. ಮೊದಲೇ ಹಾಕಿದರೆ ಒಂದು ಅಕಾಲ ಮಳೆಗೆ ಕೊಚ್ಚಿ ಹೋಗುತ್ತದೆ, ಸಂಕ್ರಾಂತಿಗೆ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. 10 ಅಡಿ ಅಗಲದ ಹಳ್ಳಕ್ಕೆ 3 ಅಡಿ ಎತ್ತರದ ಕಟ್ಟಕ್ಕೆ ಸುಮಾರು 80–90 ಖಾಲಿ ಸಿಮೆಂಟ್ ಚೀಲ ಬೇಕು. ತಳದ ದರಗು, ರಾಡಿ, ಸಡಿಲ ಕಲ್ಲನ್ನೆಲ್ಲ ಗಟ್ಟಿನೆಲ ಸಿಗುವವರೆಗೆ ತೆಗೆಯಿರಿ. ಕಟ್ಟ ಸೋರುವುದು ನೂರಕ್ಕೆ ತೊಂಬತ್ತು ಪಾಲು ಇಲ್ಲಿಂದಲೇ. ಚೀಲವನ್ನು ಮುಕ್ಕಾಲು ಮಾತ್ರ ತುಂಬಿಸಿ. ಬಿಗಿಯಾಗಿ ತುಂಬಿದ ಚೀಲ ದುಂಡಗಾಗಿ ಸಂದು ಬಿಡುತ್ತದೆ. ಎರಡು ಸಾಲು ಚೀಲ ಜೋಡಿಸಿ, ನಡುವಿನ ಒಂದಡಿ ಜಾಗಕ್ಕೆ ಜೇಡಿಮಣ್ಣು ತುಳಿದು ತುಂಬಿ. ತಳದ ಅಗಲ ಎತ್ತರದ ಒಂದೂವರೆ ಪಾಲಿಗೆ ಕಡಿಮೆ ಇರಬಾರದು. ಎರಡೂ ದಡದೊಳಗೆ ಒಂದೂವರೆ ಅಡಿ ಕಡಿದು ಚೀಲ ತೂರಿಸಿ. ನಡುವೆ ಮೂರಡಿ ಅಗಲವನ್ನು ಅರ್ಧ ಅಡಿ ತಗ್ಗಿಸಿ, ಅಲ್ಲಿಂದ ನೀರು ಬೀಳುವ ಕಡೆ ಚಪ್ಪಡಿ ಕಲ್ಲು ಹಾಸಿ. ಕೆಳಗಿನ ಗದ್ದೆ, ತೋಟದವರ ಪಾಲು ಆ ತಗ್ಗಿನಿಂದ ಹರಿಯುತ್ತಲೇ ಇರಲಿ, ಕಟ್ಟುವ ಮೊದಲೇ ಅವರಿಗೆ ಒಂದು ಮಾತು ಹೇಳಿ. ನೀರಿನ ತಕರಾರು ಪೊಲೀಸ್ ಠಾಣೆಗೆ ಹೋದರೆ ಮುಗಿಯುವುದು ಮುಂದಿನ ಮಳೆಗಾಲಕ್ಕೆ.

ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಬಗ್ಗೆ ಕೇಳುವವರು ಬಹಳ. ಮೇಲೆ 30 ಅಡಿ ಚೌಕ, ತಳ 10 ಅಡಿ ಚೌಕ, 10 ಅಡಿ ಆಳವಾದರೆ 1,20,000 ಲೀಟರ್ ಹಿಡಿಯುತ್ತದೆ. ದೊಡ್ಡ ಸಂಖ್ಯೆ ಎನ್ನಿಸಿದರೂ ಎಕರೆ ತೋಟಕ್ಕೆ ಹನ್ನೆರಡು ದಿನದ ನೀರು, ಆವಿಯಾಗುವುದು ಬೇರೆ. ಏಪ್ರಿಲ್ ಕೊನೆಯ ಆಪತ್ತಿಗೆಂದು ಇಟ್ಟುಕೊಂಡರೆ ಸಾರ್ಥಕ. ಕಣಿವೆಯ ತಳದಲ್ಲಿ ಮಾತ್ರ ಮಾಡಬೇಡಿ: ಮಳೆಗಾಲದಲ್ಲಿ ಅಡಿಯಿಂದ ಒರತೆ ಒತ್ತಿ ಶೀಟು ಹೊಟ್ಟೆ ಉಬ್ಬಿಸಿಕೊಂಡು ಮೇಲೇಳುತ್ತದೆ. ಜಂಬಿಟ್ಟಿಗೆಯ ಚೂಪು ಶೀಟನ್ನು ಕೊರೆಯದಂತೆ ಮೊದಲು ನುಣುಪು ಮಣ್ಣು ಬಳಿಯಬೇಕು. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇರಲೇಬೇಕು. ಬಿದ್ದವರಿಗೆ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಹತ್ತಿಬರಲು ಆಗುವುದಿಲ್ಲ.

ಬೇಸಿಗೆಯ ತೋಟ

ಅಡಿಕೆಯ ಬೇರಿನ ಹೆಚ್ಚಿನ ಪಾಲು ಬುಡದ ಸುತ್ತ 3 ಅಡಿಯೊಳಗೆ, ಮೇಲಿನ 2 ಅಡಿ ಮಣ್ಣಿನಲ್ಲಿದೆ. ಸ್ಪ್ರಿಂಕ್ಲರ್ ನೆಲವನ್ನೆಲ್ಲ ನೆನೆಸುತ್ತದೆ, ಹನಿ ನೀರಾವರಿ ಬೇರಿಗೆ ಕೊಡುತ್ತದೆ. ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್, ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಎದುರುಬದುರು. ಎರಡರಿಂದ ಎರಡೂವರೆ ಗಂಟೆ ಓಡಿಸಿದರೆ 16–20 ಲೀಟರ್. ತೋಟಕ್ಕಿಂತ 10 ಮೀಟರ್ ಮೇಲೆ ತೊಟ್ಟಿಯೋ ಅಬ್ಬಿಯ (ಗುಡ್ಡದಿಂದ ಇಳಿಯುವ ಝರಿಯ) ನೀರೋ ಇದ್ದರೆ ಪಂಪೇ ಬೇಡ, ಒಂದು ಕಿಲೋ ಒತ್ತಡ ತಾನಾಗಿ ಸಿಗುತ್ತದೆ. ಮೆಟ್ಟಿಲು ತೋಟದಲ್ಲಿ ಒಂದೇ ಪೈಪು ಎಳೆದರೆ ಕೆಳಗಿನ ಮರ ಮಿಂದೇಳುತ್ತದೆ, ಮೇಲಿನದು ಬಾಯಾರುತ್ತದೆ. ಮೆಟ್ಟಿಲಿಗೊಂದು ವಾಲ್ವ್ ಹಾಕಿ. ತಂಬಿಗೆಯಿಟ್ಟು ಮೇಲೊಂದು, ಕೆಳಗೊಂದು ಡ್ರಿಪ್ಪರಿನ ನೀರನ್ನು ಹದಿನೈದು ನಿಮಿಷ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಬಾವಿ ನೀರಿಗೆ ಜಾಲರಿ ಫಿಲ್ಟರ್ ಸಾಕು, ಕೆರೆ–ಹಳ್ಳದ ನೀರಿಗೆ ಮರಳಿನ ಫಿಲ್ಟರ್ ಬೇಕು. ಕೆಂಪು ಕೆನೆ ಕಟ್ಟುವ ಕಬ್ಬಿಣದ ನೀರಾದರೆ ತೊಟ್ಟಿಯಲ್ಲಿ ಒಂದು ದಿನ ತಂಗಿಸಿಯೇ ಬಿಡಿ, ಹದಿನೈದು ದಿನಕ್ಕೊಮ್ಮೆ ಪೈಪಿನ ತುದಿ ಬಿಚ್ಚಿ ತೊಳೆಯಿರಿ.

ಮುಚ್ಚಿಗೆ ಇಲ್ಲದೆ ಹನಿ ನೀರಾವರಿ ಅರ್ಧ ಕೆಲಸ. ದರಗು, ಸೋಗೆ ಕೊಚ್ಚಿದ್ದು, ಅಡಿಕೆ ಸಿಪ್ಪೆ, ಯಾವುದಾದರೂ 4 ಇಂಚು ದಪ್ಪ, ಬುಡದಿಂದ ಅರ್ಧ ಅಡಿ ಬಿಟ್ಟು. ಇದನ್ನು ನೆಲ ಹಸಿಯಿರುವಾಗ, ಡಿಸೆಂಬರ್ ಒಳಗೇ ಹಾಕಬೇಕು. ಫೆಬ್ರವರಿಯಲ್ಲಿ ಹಾಕಿದರೆ ಮುಚ್ಚಲು ಒಣಗಿದ ಮಣ್ಣು ಮಾತ್ರ ಇರುತ್ತದೆ. ತೋಟದಂಚಿನ ಹತ್ತಡಿಯಲ್ಲಿ ದರಗು ಬೇಡ, ಬೆಟ್ಟದ ಬೆಂಕಿ ಅಲ್ಲಿಂದಲೇ ಒಳಬರುವುದು.

ಮೇ ತಿಂಗಳು

ಬಾವಿಯ ಹೂಳೆತ್ತಲು ನೀರು ತೀರಾ ಕೆಳಗಿರುವ ಏಪ್ರಿಲ್ ಕೊನೆ, ಮೇ ಮೊದಲು ಸರಿಯಾದ ಕಾಲ. ಇಳಿಯುವ ಮೊದಲು ದೀಪವನ್ನು ಹಗ್ಗದಲ್ಲಿ ತಳದವರೆಗೆ ಬಿಡಿ; ಆರಿದರೆ ಇಳಿಯಬೇಡಿ. ಉರಿದ ಮಾತ್ರಕ್ಕೂ ಧೈರ್ಯ ಬೇಡ: ಕೆಲವು ವಿಷಗಾಳಿಗಳು ದೀಪವನ್ನು ಆರಿಸುವುದಿಲ್ಲ. ಸೊಪ್ಪಿನ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಹತ್ತಾರು ಸಲ ಇಳಿಸಿ ಏರಿಸಿ ಗಾಳಿ ಆಡಿಸಿ, ಇಳಿದವರ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಂತಿರಬೇಕು. ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಬಾರದು. ಹೂಳು ತೆಗೆಯುವಾಗ ಒರತೆಯ ಕಣ್ಣು ಯಾವ ದಿಕ್ಕಿನಲ್ಲಿದೆ ಎಂದು ಗಮನಿಸಿ, ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಗುರುತು ಹಾಕಿ. ಮುಂದಿನ ಇಂಗುಗುಂಡಿಗಳು ಆ ದಿಕ್ಕಿನ ಬೆಟ್ಟದಲ್ಲೇ ಬರಬೇಕು. ಹಳ್ಳದ ಕಟ್ಟದ ಚೀಲಗಳನ್ನು ಮೇ ಕೊನೆಗೆ ಶುರುವಾಗುವ ರೋಹಿಣಿ ಮಳೆಗೆ ಮೊದಲೇ ಬಿಚ್ಚಿ ದಡಕ್ಕೆ ಹಾಕಿ. ಬಿಸಿಲಿಗೆ ಜೀರ್ಣವಾದ ಚೀಲ ಹೊಳೆ ಸೇರಿದರೆ ಮೀನಿನ ಬಲೆಯಿಂದ ಹಿಡಿದು ಕೆಳಗಿನವರ ಪಂಪಿನ ಫುಟ್‌ವಾಲ್ವ್ ತನಕ ಎಲ್ಲಕ್ಕೂ ಸುತ್ತಿಕೊಳ್ಳುತ್ತದೆ.